ಸೇಬಿನ ಸಸಿ ಕೊಳ್ಳುವ ಮುನ್ನ



‘ಬಿಸಿಲು ನಾಡಿಗೂ ಸೇಬು’ ಎಂಬ ಮಾತು ಈಗ ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲೂ ಕೇಳಿಬರುತ್ತಿದೆ. ಕಾಫಿ, ಅಡಿಕೆಗಳ ಧಾರಣೆಯ ಏರಿಳಿತದಿಂದ ಬೇಸತ್ತ ಸಣ್ಣ ಬೆಳೆಗಾರನಿಗೆ ಇದು ಹಿತವಾಗಿ ಕೇಳಿಸುವುದು ಸಹಜ. ಸೇಬು ಬೇಡವೆಂದು ನಾನು ಹೇಳುವುದಿಲ್ಲ. ಫಲ ಕೊಡುತ್ತಿರುವ ಗಿಡ ಕಡಿದು ಸೇಬು ನೆಡುವುದು ಬೇಡ ಎಂಬುದಷ್ಟೇ ನನ್ನ ಅಭಿಪ್ರಾಯ.

ಹೆಚ್ಚಾಗಿ ಹೆಸರು ಕೇಳಿಬರುವ ‘ಅನ್ನಾ’ ಒಂದು ಸಂಕರ ತಳಿ. ಇಸ್ರೇಲಿನ ಐನ್ ಶೆಮರ್ ಎಂಬಲ್ಲಿ ಅಬ್ಬಾ ಸ್ಟೈನ್ ಎಂಬುವರು ರೆಡ್ ಹದಸ್ಸಿಯಾ ಮತ್ತು ಗೋಲ್ಡನ್ ಡೆಲಿಷಿಯಸ್ ತಳಿಗಳನ್ನು ಕೂಡಿಸಿ ಇದನ್ನು ಪಡೆದರು. ಇದು ಬೇಗ ಫಲಕ್ಕೆ ಬರುತ್ತದೆ. ಕಾಶ್ಮೀರದ ಹಣ್ಣು ಪೇಟೆಗೆ ಬರುವ ಮೊದಲೇ, ಜೂನ್ ಸುಮಾರಿಗೆ, ಮಾಗುತ್ತದೆ. ಇವು ಅದರ ಒಳ್ಳೆಯ ಗುಣಗಳು. ಆದರೆ ಹಣ್ಣು ಹೆಚ್ಚು ದಿನ ಕೆಡದೆ ಉಳಿಯುವುದಿಲ್ಲ. ಚೆನ್ನಾಗಿ ಕಾಯಿ ಕಟ್ಟಲು ಪಕ್ಕದಲ್ಲಿ ‘ಡಾರ್ಸೆಟ್ ಗೋಲ್ಡನ್’ನಂತಹ ಬೇರೆ ತಳಿಯ ಪರಾಗವೂ ಬೇಕು.

ಮುಖ್ಯವಾದ ಮಾತು ಚಳಿಯದು. ಸೇಬಿನ ಮೊಗ್ಗು ಒಡೆಯಲು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಮೆ ಚಳಿಯ ಗಂಟೆಗಳು ಬೇಕು. ಕಾಶ್ಮೀರದ ತಳಿಗಳಿಗೆ ಸಾವಿರದಷ್ಟು ಬೇಕಾದರೆ, ಅನ್ನಾ ತಳಿಗೆ ಸುಮಾರು 200ರಿಂದ 300 ಸಾಕು. ರಾತ್ರಿಗೆ ಐದು ಗಂಟೆಯಂತೆ ಲೆಕ್ಕ ಹಾಕಿದರೂ ಅಂತಹ 40 ರಾತ್ರಿಗಳಾದರೂ ಆಗಬೇಕು. ಸುಮಾರು 3,000 ಅಡಿ ಎತ್ತರದ ನಮ್ಮ ಮಾದಪ್ಪನ ಬೆಟ್ಟದಲ್ಲಿ ಮಾಗಿಯ ಚಳಿ ಎಷ್ಟು ದಿನ ಅಷ್ಟು ಇಳಿಯುತ್ತದೆಂಬುದನ್ನು ಓದುಗರೇ ಬಲ್ಲರು. ಕೊಳ್ಳೇಗಾಲದ ಬಯಲಿನ ಮಾತಂತೂ ಬೇಡವೇ ಬೇಡ.

ಚಳಿಯಿಲ್ಲದೆಯೂ ಬೆಳೆದವರಿದ್ದಾರೆ. ಇಂಡೋನೇಷ್ಯಾದ ಬಾಟು ಎಂಬ ಗುಡ್ಡಸೀಮೆಯಲ್ಲಿ ಕೊಯ್ಲಾದ ಮೇಲೆ ಎಲೆಗಳನ್ನೆಲ್ಲ ಕೈಯಿಂದ ಕಿತ್ತು, ಗಿಡವನ್ನು ಮತ್ತೆ ಚಿಗುರಿಸಿ ವರ್ಷಕ್ಕೆ ಎರಡು ಬೆಳೆ ತೆಗೆದರು. ಈಚಿನ ದಶಕಗಳಲ್ಲಿ ಅಲ್ಲೂ ಸೇಬಿನ ತೋಟಗಳು ಕಡಮೆಯಾಗುತ್ತಿವೆ. ಕಾಫಿ ಕೊಯ್ಲಿಗೇ ಆಳು ಸಿಗದ ನಮಗೆ ಎಲೆ ಕೀಳಲು ಆಳು ಎಲ್ಲಿಂದ ಬರಬೇಕು?

ಸೇಬಿಗೆ ತುಂಬು ಬಿಸಿಲು ಬೇಕು. ಕಾಫಿಯ ನೆರಳಿನಲ್ಲಾಗಲಿ ಅಡಿಕೆಯ ಸಾಲಿನ ನಡುವೆಯಾಗಲಿ ಅದು ಏಳುವುದಿಲ್ಲ. ನೆರಳಿನ ಮರ ಕಡಿದರೆ ಕಾಫಿ ಹೋಯಿತು. ಸೇಬು ಕೈಕೊಟ್ಟರೆ ಎರಡೂ ಹೋದಂತೆ. ಹೊಸ ತಳಿಯ ಪಾಠ ನಮಗೆ ಹೊಸದಲ್ಲ. ಎಲೆತುಕ್ಕು ತಡೆಯುತ್ತದೆಂದು 1980ರ ದಶಕದಲ್ಲಿ ಬಂದ ‘ಕಾವೇರಿ’ ಕಾಫಿ ಮುಂದೆ ಅದೇ ರೋಗಕ್ಕೆ ತುತ್ತಾಯಿತು. 1940ರ ದಶಕದ ಎಸ್. 795 ಇಂದಿಗೂ ತೋಟಗಳಲ್ಲಿ ನಿಂತಿದೆ.

ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ಹಿಮಾಚಲದ ಬಿಸಿಲ ಸೀಮೆಯಾದ ಬಿಲಾಸ್‌ಪುರದಲ್ಲಿ ‘ಎಚ್‌ಆರ್‌ಎಂಎನ್-99’ ತಳಿಯನ್ನು ಆರಿಸಿ ಬೆಳೆಸಿದ ಹರಿಮನ್ ಶರ್ಮಾ ಅವರೂ ರೈತರೇ. 2025ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಆಸಕ್ತರು ಹಿತ್ತಲಿನಲ್ಲಿ ಎರಡು ತಳಿಯ ಒಂದೊಂದು ಸಸಿ ನೆಡಲಿ. ಕಸಿ ಕಟ್ಟಿದ ಗಂಟನ್ನು ಕಣ್ಣಾರೆ ನೋಡಿಯೇ ಕೊಳ್ಳಲಿ; ಬೀಜದ ಸಸಿ ತಾಯಿಯ ಗುಣ ಉಳಿಸಿಕೊಳ್ಳದು. ನಮ್ಮ ಸಂಘವು ಬೆಟ್ಟದ ಮೇಲೆ, ಇಳಿಜಾರಿನಲ್ಲಿ, ಬಯಲಿನಲ್ಲಿ ಹತ್ತು ಹತ್ತು ಗಿಡ ನೆಟ್ಟು ಐದು ವರ್ಷ ಕೂಲಿ, ಫಸಲು, ಮಾರಾಟಗಳ ಲೆಕ್ಕವಿಟ್ಟು ಇದೇ ಪತ್ರಿಕೆಯಲ್ಲಿ ಪ್ರಕಟಿಸಲಿ. ಒಂದು ಗಿಡದಲ್ಲಿ ನಾಲ್ಕು ಹಣ್ಣು ಬಿಟ್ಟದ್ದು ಸುದ್ದಿಯಾದೀತು, ಸಂಸಾರ ನಡೆಸಲಾರದು.