ಟೂರಿಸ್ಟ್ ವೀಸಾದಾಗ ಗೌಂಡಿ ಕೆಲಸ!

ಈ ಸಲ ಬನಶಂಕರಿ ಜಾತ್ರೆಗೆ ಹೋಗಿದ್ದೆ. ಹೊಂಡದ ಕಟ್ಟೆ ಮೇಲೆ ಕೂತು, ಬುಟ್ಟಿ ಹೊತ್ತು ತಂದ ಅವ್ವನ ಹತ್ತಿರ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು ಹಾಕಿಸಿಕೊಂಡು ತಿಂತಾ ಇದ್ವಿ. ಜೊತೆಗೆ ನಮ್ಮ ಕಾಕಾನ ಮಗ, ಮತ್ತೆ ಬೆಂಗಳೂರಿಂದ ಬಂದ ನನ್ನ ಸಾಫ್ಟ್‌ವೇರ್ ಗೆಳೆಯ. ತಮ್ಮ ಬಂದಿದ್ದು ಮನೆಗೆ ಬಾಗಿಲ ಚೌಕಟ್ಟು ನೋಡೋಕೆ. (ನಮ್ಮ ಜಾತ್ರೆಗೆ ನಾಟಕ ಕಂಪನಿಗಳಷ್ಟೇ ಕಟ್ಟಿಗೆ ಬಾಗಿಲುಗಳೂ ಬರ್ತಾವೆ!)

"ತಗೊಳ್ಳೋದು ಮುಂದಿನ ವರ್ಷ ಅಣ್ಣಾ. ಈಗ ಬಹ್ರೈನ್‌ಗೆ ಹೊಂಟೀನಿ, ಗೌಂಡಿ ಕೆಲಸಕ್ಕ. ಎಂಟನೇತ್ತಾ ಕಲ್ತಾಂವಗ ಟೂರಿಸ್ಟ್ ವೀಸಾನ ಚಲೋ ಅಂತ ಏಜೆಂಟ್ ಹೇಳ್ಯಾನ. ಅಲ್ಲಿ ಹೋದಮ್ಯಾಲೆ ಬದಲಿ ಮಾಡಸ್ತಾನಂತ."

"ಎಷ್ಟು ಕೊಟ್ಟಿ?"

"ಒಂದು ಇಪ್ಪತ್ತು."

ಅಂದ್ರೆ ಒಂದು ಲಕ್ಷದ ಇಪ್ಪತ್ತು ಸಾವಿರ. ಬಡ್ಡಿ ಸಾಲ. ನನ್ನ ಗೆಳೆಯ ಅವನ ಬೆನ್ನು ತಟ್ಟಿ, "ಜಾಣ ಇದ್ದೀಯಪ್ಪಾ, ಆ ಸರಕಾರಿ ಕಿರಿಕಿರಿನೇ ಇಲ್ಲ" ಅಂದ. ನನಗೆ ಸಿಟ್ಟು ಬಂದಿದ್ದು ಹುಡುಗನ ಮೇಲಲ್ಲ, ಈ ಮಾತಿನ ಮೇಲೆ.

ಆ 'ಕಿರಿಕಿರಿ' ಏನು ಅಂತ ನೋಡೋಣ. 1983ರ ವಲಸೆ ಕಾಯ್ದೆ ಪ್ರಕಾರ ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟು ಸಾಮಾನ್ಯವಾಗಿ ಇಸಿಆರ್. ಅವರು ಬಹ್ರೈನೂ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದ್ರೆ ಸರಕಾರದ ಅನುಮತಿ ಬೇಕು. ಆಗ ಮಾಲೀಕ ಯಾರು, ಸಂಬಳ ಎಷ್ಟು, ಒಪ್ಪಂದ ಏನು, ಎಲ್ಲ ಇ-ಮೈಗ್ರೇಟ್‌ನಲ್ಲಿ ದಾಖಲಾಗುತ್ತೆ. ನೋಂದಾಯಿತ ಏಜೆಂಟ್ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಹೆಚ್ಚು ಸೇವಾಶುಲ್ಕ ತಗೊಳ್ಳೋ ಹಾಗಿಲ್ಲ. ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ: ಎರಡು ವರ್ಷಕ್ಕೆ 275 ರೂಪಾಯಿ ಕಂತು, ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲನಾದರೆ 10 ಲಕ್ಷ.

ಪ್ರವಾಸಕ್ಕೆ ಹೋಗೋರಿಗೆ ಇದ್ಯಾವುದೂ ಬೇಡ. ಏಜೆಂಟ್ ನುಸುಳೋ ಸಂದಿ ಇದೇ. ಗಿಲಾವು ಮಾಡೋವಾಗ ಸಾರವೆಯಿಂದ ಬಿದ್ದರೆ ನಮ್ಮ ಹುಡುಗ ಕಾಗದದ ಮೇಲೆ ಕಾರ್ಮಿಕನೇ ಅಲ್ಲ, ದ್ವೀಪ ನೋಡೋಕೆ ಬಂದ ಪ್ರವಾಸಿ! ವಿಮೆ ಇಲ್ಲ, ಒಪ್ಪಂದ ಇಲ್ಲ. ಇನ್ನು ಆ 'ಬದಲಿ'. 2024ರಲ್ಲಿ ಬಹ್ರೈನ್ ಈ ನಿಯಮ ಬಿಗಿ ಮಾಡ್ತು. ಸ್ಪಾನ್ಸರ್ ಇಲ್ಲದ ವಿಸಿಟ್ ವೀಸಾನ ಕೆಲಸದ ವೀಸಾ ಮಾಡೋದು ನಿಂತಿತು. ವೀಸಾ ಮುಗಿದ ಮೇಲೂ ಉಳಿದರೆ ದಂಡ ಏರ್ತಾ ಹೋಗುತ್ತೆ. ಸಂಬಳ ಕೊಡದ ಮಾಲೀಕನ ಮೇಲೆ ದೂರು ಕೊಡೋಕೂ ಹೆದರಿಕೆ, ಯಾಕಂದ್ರೆ ಮೊದಲ ತಪ್ಪು ತಂದೇ.

"ನಮ್ಮ ಜಿಲ್ಲೆಯವರು ಗೋವಾಕ್ಕೆ, ಮಂಗಳೂರಿಗೆ ದುಡಿಯೋಕೆ ಹೋಗ್ತಾನೇ ಇದ್ದಾರಲ್ಲ?" ಅಂತೀರೇನೋ. ಹೌದು, ಆದರೆ ಗೋವಾದಲ್ಲಿ ಕೂಲಿ ಸಿಗದಿದ್ರೆ ರಾತ್ರಿ ಬಸ್ಸು ಹತ್ತಿ ಬಾದಾಮಿಗೆ ಬಂದು ಇಳೀಬಹುದು. ಮನಾಮಾದಿಂದ ಹಾಗೆ ಬರೋಕಾಗಲ್ಲ.

ಕಾಯ್ದೆ ದೊಡ್ಡದು ಅಂತ ನಾನೇನೂ ಹೊಗಳ್ತಿಲ್ಲ. ಮಾರ್ಕ್ಸ್ ಕಾರ್ಡ್ ನೋಡಿ ರಕ್ಷಣೆ ಕೊಡೋದು ಎಂಥ ನ್ಯಾಯ? ಹತ್ತನೇತ್ತ ಪಾಸಾದ ಗೌಂಡಿ ಬಿದ್ದರೆ ಮೂಳೆ ಮುರಿಯಲ್ವಾ? ಕೆಲಸ ನೋಡಿ ಕೊಡಬೇಕಾದ್ದು ಅದು. ಸರಿ, ಕಾಯ್ದೆ ಬದಲಾಗ್ಲಿ. ಅಲ್ಲೀವರೆಗೆ ಇರೋ ಒಂದೇ ಬೇಲಿಯನ್ನ 'ಕಿರಿಕಿರಿ' ಅಂತ ಕರೆದು, ಅದನ್ನ ಹಾರೋದನ್ನ ಜಾಣತನ ಅನ್ನೋಕೆ ನಮಗೆ ಯಾವ ಹಕ್ಕಿದೆ? ಬೀಳೋರು ನಾವಲ್ಲ.

ಬ್ಲಾಗಿಗ ಮಿತ್ರರೇ, ನಾವು ಕೆನಡಾ ಪಿಆರ್, ಸಿಂಗಪುರದ ಮನೆಬಾಡಿಗೆ ಬಗ್ಗೆ ಪುಟಗಟ್ಟಲೆ ಬರೀತೀವಿ. ನಾನೂ ಬರೆದಿದ್ದೀನಿ. ಇ-ಮೈಗ್ರೇಟ್‌ನಲ್ಲಿ ಏಜೆಂಟ್ ಹೆಸರು ಇದೆಯೋ ಇಲ್ಲವೋ ಹುಡುಕೋದು ಹೇಗೆ ಅಂತ ಎಷ್ಟು ಜನ ಕನ್ನಡದಲ್ಲಿ ಬರೆದಿದ್ದೀವಿ? ಅದೇ ಹೊಂಡದ ಕಟ್ಟೆ ಮೇಲೆ ಮೊಬೈಲ್ ತೆಗೆದು ನಾವಿಬ್ಬರೂ ಹುಡುಕಿದ್ವಿ. ಅವನ ಏಜೆಂಟ್ ಹೆಸರು ಪಟ್ಟಿಯಲ್ಲಿ ಇರಲಿಲ್ಲ.

ತಮ್ಮ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, "ಕೊಟ್ಟ ರೊಕ್ಕ ತಿರುಗಿ ಬರ್ತೈತೇನಣ್ಣಾ?"

ನಾಳೆ ಅವನ ಜೊತೆ ಆ ಏಜೆಂಟನ ಮನೆಗೆ ಹೊರಟಿದ್ದೀನಿ. ನಿಮ್ಮೂರಲ್ಲೂ ಇಂಥ ತಮ್ಮಂದಿರು ಇರ್ತಾರೆ. ಹೊರಡೋ ಮುಂಚೆ ಪಾಸ್‌ಪೋರ್ಟು, ವೀಸಾ ಒಮ್ಮೆ ತೆಗೆಸಿ ನೋಡಿ. ಏನಂತೀರಿ?