ಬಿಸಿಲಿಗೆ ಬೆಲೆ ಬಂತು, ಕುಣಿಯುವ ಕಾಲಿಗೆ ಬರಲಿಲ್ಲ!

ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲು ಎಂಬ ಊರಿನ ಹೆಸರು ರಾಜಧಾನಿಯ ಎಷ್ಟು ಜನ ಕೇಳಿದ್ದಾರೆ? ಅವರು ಹಗಲಲ್ಲಿ ಉರಿಸುವ ಕರೆಂಟಿನಲ್ಲಿ ಈ ಊರಿನ ಬಿಸಿಲೂ ಸೇರಿದೆ. ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು, ಈ ಐದು ಊರುಗಳ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಹಬ್ಬಿದೆ. ಪೂರ್ತಿಯಾದದ್ದು 2019ರಲ್ಲಿ. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಶುರುವಾದ ಗುತ್ತಿಗೆ. ಮಳೆ ಕೈಕೊಟ್ಟ ನೆಲಕ್ಕೆ ಬಿಸಿಲೇ ಬೆಳೆಯಾಯಿತು. ಸಂತೋಷ.

ಅದೇ ಬಿಸಿಲಲ್ಲಿ, ಶಾಲೆಯ ಸಿಮೆಂಟು ನೆಲದ ಮೇಲೆ, ದೇವಸ್ಥಾನದ ಕಲ್ಲುಚಪ್ಪಡಿಯ ಮೇಲೆ ಕುಣಿತ ಕಲಿಯುವ ನಮ್ಮ ಮಕ್ಕಳ ಮಾತು ಈಗ. ಕೋಲಾಟವೋ, ವೀರಗಾಸೆಯೋ, ಭರತನಾಟ್ಯವೋ, ಹಾರ್ಮೋನಿಯಂ ಮೇಷ್ಟ್ರು ಕಲಿಸುವ ಪೌರಾಣಿಕ ನಾಟಕವೋ, ಯಾವುದಾದರೂ ಇರಲಿ. ಇದು ಗುಬ್ಬಿ ವೀರಣ್ಣನವರ ಜಿಲ್ಲೆ, ಕುಣಿಯುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಕುಣಿಯುತ್ತ ಮಂಡಿ ಚಿಪ್ಪು ಸರಿದರೆ, ಹಿಮ್ಮಡಿಯ ಮೂಳೆ ಬಿರುಕು ಬಿಟ್ಟರೆ, ಮಂಡಿಯೊಳಗಿನ ಅಸ್ಥಿರಜ್ಜು ಹರಿದರೆ ಖರ್ಚು ಕೊಡುವವರು ಯಾರು ಸ್ವಾಮಿ?

ಸರಕಾರದ ಕಾರ್ಡಿದೆಯಲ್ಲ ಎನ್ನುತ್ತೀರಿ. ಇದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಉಳಿದವರಿಗೆ ಪ್ಯಾಕೇಜ್ ದರದ ಶೇಕಡಾ 30, ಒಂದೂವರೆ ಲಕ್ಷದ ಮಿತಿಯೊಳಗೆ. ಒಳ್ಳೆಯ ಯೋಜನೆ, ಬಡವನ ಹೃದಯ, ಕಿಡ್ನಿ ಉಳಿಸಿದೆ. ಆದರೆ ಅದು ಆಸ್ಪತ್ರೆಯ ಮಂಚ ಹತ್ತಿದವನ ಯೋಜನೆ. ಕುಣಿಯುವವರ ಪೆಟ್ಟಿನ ಸ್ವಭಾವವೇ ಬೇರೆ. ಅರಮಂಡಿಯಲ್ಲಿ ಕೂತು ಕೂತು ಮಂಡಿ ಸವೆಯುತ್ತದೆ, ಗಟ್ಟಿ ನೆಲ ಕುಟ್ಟಿ ಕುಟ್ಟಿ ಮೊಣಕಾಲ ಕೆಳಗಿನ ಮೂಳೆಯಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ. ಇದಕ್ಕೆ ಬೇಕಾದದ್ದು ಸ್ಕ್ಯಾನು, ಆರು ವಾರದ ವಿಶ್ರಾಂತಿ, ತಿಂಗಳುಗಟ್ಟಲೆ ಫಿಸಿಯೋಥೆರಪಿ. ಇದೆಲ್ಲ ಹೊರರೋಗಿ ಚಿಕಿತ್ಸೆ. ಕಾರ್ಡು ಮಾತಾಡುವುದಿಲ್ಲ.

ಖಾಸಗಿ ಪಾಲಿಸಿಯ ಕಥೆಯೂ ಅಷ್ಟೇ. ಸಾಮಾನ್ಯವಾಗಿ 24 ಗಂಟೆ ಅಡ್ಮಿಟ್ ಆಗಿರಬೇಕು. ಬಿದ್ದು ಮೂಳೆ ಮುರಿದರೆ ಅಪಘಾತ, ಮೊದಲ ದಿನದಿಂದಲೇ ಲೆಕ್ಕ. ಬೀಳದೆ, ಕುಣಿದು ಕುಣಿದು ಕೀಲು ಕೆಟ್ಟರೆ ಅದು ಕಾಯಿಲೆ. ಕೀಲಿನ ಕಾಯಿಲೆಗೆ 24 ತಿಂಗಳು, ಕೆಲವು ಪಾಲಿಸಿಗಳಲ್ಲಿ 36 ತಿಂಗಳು ಕಾಯಬೇಕು. ಜೂನಿಯರ್ ಪರೀಕ್ಷೆ ಹೊತ್ತಿಗೆ ಬಂದ ನೋವಿಗೆ ಸೀನಿಯರ್ ಪರೀಕ್ಷೆ ಹೊತ್ತಿಗೆ ಔಷಧಿ!

ಇನ್ನು 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ. ಸತ್ತರೆ 2 ಲಕ್ಷ, ಒಂದು ಕಾಲೋ ಕಣ್ಣೋ ಪೂರ್ತಿ ಹೋದರೆ 1 ಲಕ್ಷ. ಆಸ್ಪತ್ರೆ ಖರ್ಚಿಗೆ ಬಿಡಿಗಾಸಿಲ್ಲ. ವಯಸ್ಸು 18 ದಾಟಿರಬೇಕು. ಗೆಜ್ಜೆ ಕಟ್ಟುವ ಮಕ್ಕಳಲ್ಲಿ ಹೆಚ್ಚಿನವರು 18ರ ಒಳಗಿನವರು ಎಂಬುದು ದೆಹಲಿಯವರಿಗೆ ಹೊಳೆದಂತಿಲ್ಲ.

ಪಾವಗಡದವರಿಗೆ ಇದರ ಮೇಲೆ ಇನ್ನೊಂದು ಬರೆ. ಈ ಸೀಮೆಯ ಕೊಳವೆಬಾವಿ ನೀರಿನ ಫ್ಲೋರೈಡ್ ಯಾರಿಗೆ ಗೊತ್ತಿಲ್ಲ? ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲು, ಆಮೇಲೆ ಕೀಲು, ಬೆನ್ನು. ತುಂಗಭದ್ರೆಯ ನೀರಿನ ಯೋಜನೆ ಬಂದದ್ದು ಮೊನ್ನೆ ಮೊನ್ನೆ. ಅದಕ್ಕೆ ಮೊದಲು ಕುಡಿದದ್ದು ಮೂಳೆಯಲ್ಲೇ ಕೂತಿದೆ. ಇಂಥ ಮಗುವಿನ ಮಂಡಿ ನೋವಿಗೆ ಕ್ಲೇಮು ಹಾಕಿದರೆ ಕಂಪನಿಗೆ ಒಂದೇ ಪದ ಸಾಕು: ಪಾಲಿಸಿಗೆ ಮೊದಲೇ ಇದ್ದ ಕಾಯಿಲೆ. ನೀರು ಕೊಡದ ತಪ್ಪು ಸರಕಾರದ್ದು, ಶಿಕ್ಷೆ ಮಗುವಿಗೆ.

ಆ ಪದವಾದರೂ ನಮಗೆ ಅರ್ಥವಾಗುವ ಭಾಷೆಯಲ್ಲಿದೆಯೇ? ಮೂರು ಕಡೆ ಆಂಧ್ರ ಸುತ್ತಿಕೊಂಡ ತಾಲ್ಲೂಕಿದು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಏಜೆಂಟ್ ತರುವ ಕಾಗದ ಮಾತ್ರ ಇಂಗ್ಲಿಷು! 2002ರ ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮ ಸಂವಿಧಾನ ಒಪ್ಪಿದ ಭಾಷೆಗಳಲ್ಲಿ ಅರ್ಜಿ ನಮೂನೆ ‘ಕೊಡಬಹುದು’ ಎಂದಿತ್ತು. ‘ಕೊಡಬೇಕು’ ಎನ್ನಲಿಲ್ಲ. ಆ ಒಂದು ‘ಬಹುದು’ ಕಂಪನಿಗಳನ್ನು ಇಪ್ಪತ್ತು ವರ್ಷ ಕಾಪಾಡಿತು. ಈಗ ಸ್ವಲ್ಪ ದಾರಿ ತೆರೆದಿದೆ. 2024ರ ಜನವರಿ 1ರಿಂದ ಆರೋಗ್ಯ ಪಾಲಿಸಿಯ ಜೊತೆ ಗ್ರಾಹಕ ಮಾಹಿತಿ ಪತ್ರ ಕೊಡಬೇಕು, ಗ್ರಾಹಕ ಕೇಳಿದರೆ ಅದನ್ನು ಸ್ಥಳೀಯ ಭಾಷೆಯಲ್ಲೇ ಕೊಡಬೇಕು. ಯಾವುದಕ್ಕೆ ಹಣ ಸಿಗುತ್ತದೆ, ಯಾವುದಕ್ಕೆ ಇಲ್ಲ, ಎಷ್ಟು ಕಾಯಬೇಕು ಎಲ್ಲವೂ ಅದರಲ್ಲಿರುತ್ತದೆ. ಕೇಳಿದರೆ ಮಾತ್ರ, ನೆನಪಿಡಿ. ಕನ್ನಡದ ಪತ್ರ ಕೈಗೆ ಬರುವವರೆಗೆ ಕಂತು ಕಟ್ಟಬೇಡಿ.

‘ಅನ್ನಕ್ಕೇ ಪರದಾಡುವ ಊರಲ್ಲಿ ಡ್ಯಾನ್ಸಿಗೆ ವಿಮೆಯಂತೆ’ ಎಂದು ಮೂಗು ಮುರಿಯುವ ಮಹನೀಯರಿಗೆ ಒಂದು ಮಾತು. ಶ್ರೀಮಂತರ ಮಗಳ ಕಾಲು ಉಳುಕಿದರೆ ಅಪ್ಪನ ಕಂಪನಿಯ ಗ್ರೂಪ್ ಪಾಲಿಸಿ ಇರುತ್ತದೆ. ಕೂಲಿಯವರ ಮಗ ವೀರಗಾಸೆ ಕಲಿತು ನೀನಾಸಂಗೋ ರಂಗಾಯಣಕ್ಕೋ ಹೋಗಬೇಕೆಂದುಕೊಂಡಿದ್ದರೆ, ಅವನಿಗಿರುವ ಬಂಡವಾಳ ಆ ಎರಡು ಕಾಲು ಮಾತ್ರ.

ದಾರಿ ಇಲ್ಲವೆಂದಲ್ಲ. ಕರಾವಳಿಯಲ್ಲಿ 2015ರಲ್ಲಿ ಹುಟ್ಟಿದ ಪಟ್ಲ ಫೌಂಡೇಶನ್ ಟ್ರಸ್ಟ್ ಯಕ್ಷಗಾನ ಕಲಾವಿದರಿಗೆ ಅಪಘಾತ ವಿಮೆ ಮಾಡಿಸಿದೆ. ಅದು ವೃತ್ತಿ ಕಲಾವಿದರಿಗೆ, ಆದರೂ ಮಾದರಿ ಮಾದರಿಯೇ. ಜರ್ಮನಿಯಲ್ಲಿ 1983ರಿಂದ ಕಲಾವಿದರ ಸಾಮಾಜಿಕ ವಿಮೆಯಿದೆ. ಕಂತಿನ ಅರ್ಧ ಕಲಾವಿದನದು, ಉಳಿದರ್ಧ ಕಲೆಯಿಂದ ಲಾಭ ಮಾಡುವ ಸಂಸ್ಥೆಗಳದು ಮತ್ತು ಸರಕಾರದ್ದು. ನಮ್ಮಲ್ಲೂ 2024ರಲ್ಲಿ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿಗೆಂದು ಶಾಸನಸಭೆ ಕಾಯ್ದೆ ಮಾಡಿತು, ಸಿನಿಮಾ ಟಿಕೆಟಿನ ಮೇಲೆ ಶೇಕಡಾ 1ರಿಂದ 2ರ ಸೆಸ್. ಆದರೆ ಅದರ ಕಣ್ಣು ದುಡಿಯುವವರ ಮೇಲೆ. ಕಲಿಯುವವರನ್ನೂ ಅದರೊಳಗೆ ತನ್ನಿ ಎಂಬುದು ನಮ್ಮ ಮೊದಲ ಒತ್ತಾಯ. ನೃತ್ಯದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗೆ ಅರ್ಜಿ ಹಾಕಿದ ಪ್ರತಿ ಮಗುವನ್ನೂ ಒಂದೇ ಗ್ರೂಪ್ ಪಾಲಿಸಿಗೆ ಸೇರಿಸುವುದು ಎರಡನೆಯದು. ಪರೀಕ್ಷೆಯನ್ನೇ ಕಾಣದ ಕೋಲಾಟ, ವೀರಗಾಸೆಯ ಮಕ್ಕಳ ಪಟ್ಟಿಯನ್ನು ಜಾನಪದ ಅಕಾಡೆಮಿ ಮಾಡಲಿ.

ಪಾವಗಡದ ಮಟ್ಟಿಗೆ ಅಷ್ಟು ಕಾಯಬೇಕಾಗಿಯೂ ಇಲ್ಲ. 2013ರ ಕಂಪನಿ ಕಾಯ್ದೆಯ 135ನೇ ಕಲಮು ಲಾಭದ ಶೇಕಡಾ 2ನ್ನು ಸಮಾಜಕ್ಕೆ ಖರ್ಚು ಮಾಡಲು ದೊಡ್ಡ ಕಂಪನಿಗಳಿಗೆ ಹೇಳುತ್ತದೆ, ತಾನಿರುವ ಸುತ್ತಮುತ್ತಲಿಗೆ ಆದ್ಯತೆ ಕೊಡು ಎನ್ನುತ್ತದೆ. ಅದರ ಪಟ್ಟಿಯಲ್ಲಿ ಆರೋಗ್ಯವೂ ಇದೆ, ಸಾಂಪ್ರದಾಯಿಕ ಕಲೆಯೂ ಇದೆ. ಕುಣಿಯುವ ಮಗುವಿನ ವಿಮೆ ಎರಡೂ ಹೌದು! ಸೋಲಾರ್ ಕಂಪನಿಗಳು ಶಾಲೆಗೆ ಬೆಂಚು ಕೊಟ್ಟರೆ ಬೇಡವೆನ್ನುವುದಿಲ್ಲ, ಅದರ ಜೊತೆಗೆ ಇದನ್ನೂ ಕೊಡಲಿ. ಹೊರರೋಗಿ ಚಿಕಿತ್ಸೆ, ಫಿಸಿಯೋಥೆರಪಿ ಸೇರಿದ, ಹಳೆಯ ಕಾಯಿಲೆಯ ನೆಪವಿಲ್ಲದ ಗ್ರೂಪ್ ಪಾಲಿಸಿಯಾಗಬೇಕು. ಚೌಕಾಸಿ ಮಾಡಿದರೆ ಗುಂಪಿಗೆ ಇಂಥ ಷರತ್ತು ಸಿಗುತ್ತದೆ, ಒಂಟಿ ಮನೆಗೆ ಸಿಗುವುದಿಲ್ಲ.

ಐದೂರಿನ ಕಲಿಸುವ ಗುರುಗಳೇ, ಮೇಷ್ಟ್ರುಗಳೇ, ಈ ತಿಂಗಳೇ ಕೂತು ಮಕ್ಕಳ ಹೆಸರು, ವಯಸ್ಸು, ಕಲಿಯುವ ಕಲೆ ಬರೆದು ಪಟ್ಟಿ ಮಾಡಿ. ಒಂದು ಪ್ರತಿ ಸೋಲಾರ್ ಪಾರ್ಕಿನ ಕಚೇರಿಗೆ, ಒಂದು ತಹಸೀಲ್ದಾರರಿಗೆ, ಒಂದು ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ. ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ. ಉತ್ತರ ಕನ್ನಡದಲ್ಲಿ ಬೇಕೆಂದು ಮೊದಲ ಸಾಲಿನಲ್ಲೇ ಬರೆಯಿರಿ.