ಕಂಪ್ಯೂಟರ್ ಹೇಳಿದ್ದಲ್ಲ ಸ್ವಾಮಿ, ನಾವು ಹೇಳಿಸಿದ್ದು

ಕಳೆದ ವಾರ ನಮ್ಮ ಬಿಲ್ಡಿಂಗಿನ ಲಿಫ್ಟ್ ಕೆಟ್ಟಿತ್ತು. ಡೊಂಬಿವಲಿಯಲ್ಲಿ ಮೂವತ್ತೆಂಟು ವರ್ಷದಿಂದ ಇರೋ ನನಗೆ ಲಿಫ್ಟ್ ಕೆಡೋದು ಸುದ್ದಿಯೇ ಅಲ್ಲ. ಸುದ್ದಿ ಏನಪ್ಪಾ ಅಂದ್ರೆ, ಹಾಲು-ಬ್ರೆಡ್ಡಿನ ಚೀಲ ಹಿಡಿದು ಐದನೇ ಮಾಳಿಗೆಗೆ ಓಡಿ ಬಂದ ಡೆಲಿವರಿ ಹುಡುಗ ಮೆಟ್ಟಿಲ ಮೇಲೆ ಕುಸಿದು ಕೂತಿದ್ದ. ನೀರು ಕೊಟ್ಟೆ. ಲೋಟ ಬಾಯಿಗಿಡೋಕೆ ಮುಂಚೆ ಮೊಬೈಲ್ ನೋಡಿದ, ಅರ್ಧ ಕುಡಿದು ಇಳಿದು ಓಡಿದ.

ಚೀಲ ತಗೊಂಡ ಪಕ್ಕದ ಮನೆ ಹುಡುಗ ಇಂಥದ್ದೇ ಒಂದು ಕಂಪನಿಯಲ್ಲಿ ರೂಟ್ ಪ್ಲಾನಿಂಗ್ ಮಾಡ್ತಾನೆ. ಒಳ್ಳೆ ಹುಡುಗ, ಸಿಕ್ಕಾಗಲೆಲ್ಲ ನಮಸ್ಕಾರ ಹೇಳ್ತಾನೆ. "ಏನಪ್ಪಾ, ಮೆಟ್ಟಿಲು ಹತ್ತೋಕೆ ಎರಡು ನಿಮಿಷ ಜಾಸ್ತಿ ಕೊಡಬಾರದಾ ನೀವು?" ಅಂತ ಕೇಳಿದೆ. "ಅಂಕಲ್, ಅದನ್ನ ನಾವು ಯಾರೂ ತೀರ್ಮಾನ ಮಾಡಲ್ಲ. ಅಲ್ಗಾರಿದಮ್ ಆಪ್ಟಿಮೈಸ್ ಮಾಡುತ್ತೆ" ಅಂದ.

ನನಗೆ ಮೈ ಉರಿದುಹೋಯ್ತು. ಅವನ ಮೇಲಲ್ಲ. ಇದೇ ಮಾತನ್ನ ಹನ್ನೊಂದು ವರ್ಷ ನಾನೇ ಹೇಳಿದ್ದೀನಿ.

1998ರಲ್ಲಿ ಭಿವಂಡಿಯ ಒಂದು ಸಾಗಾಣಿಕೆ ಕಂಪನಿಯಲ್ಲಿ ಪ್ಲಾನಿಂಗ್ ಮೇಜಿಗೆ ಕೂತೆ. ಗೋಡೌನಿಂದ ಮುಂಬಯಿ, ಠಾಣೆಯ ಅಂಗಡಿಗಳಿಗೆ ದಿನಾ ಮಾಲು ಕಳಿಸೋದು. ಯಾವ ಟ್ರಕ್ಕು, ಯಾವ ಅಂಗಡಿ, ಯಾವ ಕ್ರಮ, ಇದೇ ಕೆಲಸ. ಕೇಳೋಕೆ ಸುಲಭ. ಹತ್ತು ಅಂಗಡಿ ಇದ್ದರೆ ಅವನ್ನ 36,28,800 ಕ್ರಮದಲ್ಲಿ ಸುತ್ತಬಹುದು. ಹದಿನೈದಾದರೆ ಒಂದು ಲಕ್ಷದ ಮೂವತ್ತು ಸಾವಿರ ಕೋಟಿ ದಾಟುತ್ತೆ. (ನಂಬಿಕೆ ಇಲ್ಲದವರು ಒಂದರಿಂದ ಹದಿನೈದರವರೆಗೆ ಗುಣಿಸುತ್ತಾ ಹೋಗಿ.) ಇದನ್ನ ಮೊದಲು ಗಣಿತಕ್ಕೆ ಕೂರಿಸಿದವರು ಜಾರ್ಜ್ ಡಾಂಟ್ಜಿಗ್ ಮತ್ತು ಜಾನ್ ರಾಮ್ಸರ್, 1959ರಲ್ಲಿ. ಅವರದ್ದು ಪೆಟ್ರೋಲ್ ಲಾರಿಗಳನ್ನ ಬಂಕಿಂದ ಬಂಕಿಗೆ ಕಳಿಸೋ ಲೆಕ್ಕ. ಫೋರ್ಟಿನ ಫುಟ್‌ಪಾತಿನಲ್ಲಿ ಹಮ್ದಿ ತಾಹಾ ಬರೆದ ಆಪರೇಷನ್ಸ್ ರಿಸರ್ಚಿನ ದಪ್ಪ ಪುಸ್ತಕ ಹಳೇ ಬೆಲೆಗೆ ಸಿಕ್ಕಿತ್ತು. ಲೋಕಲ್ ಟ್ರೈನಿನಲ್ಲಿ ಒಂಟಿಕಾಲಲ್ಲಿ ನಿಂತು ಅದನ್ನ ಓದಿದವ ನಾನು. ಹಾಗಾಗಿ ಗಣಿತ ಗೊತ್ತಿಲ್ಲದ ಮುದುಕ ಗೊಣಗ್ತಿದ್ದಾನೆ ಅಂತ ದಯವಿಟ್ಟು ಅಂದುಕೋಬೇಡಿ.

ಈ ಶಾಸ್ತ್ರದಲ್ಲಿ ಎರಡು ಭಾಗ. ಏನನ್ನ ಕಡಿಮೆ ಮಾಡಬೇಕು ಅಥವಾ ಹೆಚ್ಚು ಮಾಡಬೇಕು ಅನ್ನೋದು ಗುರಿ. ಏನನ್ನ ಮೀರಬಾರದು ಅನ್ನೋದು ಕಟ್ಟುಪಾಡು. ಇವೆರಡನ್ನೂ ಬರೆಯೋದು ಮನುಷ್ಯ. ಆಮೇಲಿನ ಗುಣಾಕಾರ ಭಾಗಾಕಾರ ಮಾತ್ರ ಯಂತ್ರದ್ದು.

ಡಾಂಟ್ಜಿಗ್ ಅವರೇ ಹೇಳಿಕೊಂಡ ಒಂದು ಕಥೆ ಇದೆ. ಲೀನಿಯರ್ ಪ್ರೋಗ್ರಾಮಿಂಗ್ ಲೆಕ್ಕ ಬಿಡಿಸೋ ಸಿಂಪ್ಲೆಕ್ಸ್ ವಿಧಾನವನ್ನ 1947ರಲ್ಲಿ ಕೊಟ್ಟ ಮಹಾನುಭಾವ ಅವರು. ಅದಕ್ಕೆ ಮುಂಚೆ, 1945ರಲ್ಲಿ, ಜಾರ್ಜ್ ಸ್ಟಿಗ್ಲರ್ ಅನ್ನೋ ಅರ್ಥಶಾಸ್ತ್ರಜ್ಞ ಒಬ್ಬ ಮನುಷ್ಯನ ಪೌಷ್ಟಿಕ ಆಹಾರಕ್ಕೆ ವರ್ಷಕ್ಕೆ ಕನಿಷ್ಠ ಎಷ್ಟು ಖರ್ಚು ಅಂತ ಅಂದಾಜಿಂದ ಲೆಕ್ಕ ಹಾಕಿದ್ದರು: 39.93 ಡಾಲರ್. ಹೊಸ ವಿಧಾನಕ್ಕೆ ಅದನ್ನೇ ಪರೀಕ್ಷೆಗೆ ಕೊಟ್ಟರೆ 39.69 ಬಂತು. ಕೈಯಿಂದ ಯಂತ್ರ ತಿರುಗಿಸಿ ಒಂಬತ್ತು ಗುಮಾಸ್ತರು ಲೆಕ್ಕ ಮಾಡಿದ್ದು. ವ್ಯತ್ಯಾಸ ಇಪ್ಪತ್ತನಾಲ್ಕೇ ಸೆಂಟು! ಕೆಲವು ವರ್ಷದ ಮೇಲೆ ಡಾಂಟ್ಜಿಗ್‌ಗೆ ಡಾಕ್ಟರು ತೂಕ ಇಳಿಸಿ ಅಂದರು. ಇವರು ಕಂಪ್ಯೂಟರಿಗೆ ಹಾಕಿದರು: ಕ್ಯಾಲೊರಿ ಮಿತಿಯೊಳಗೆ ಹೊಟ್ಟೆ ತುಂಬಿದ ಹಾಗಿರಬೇಕು, ಅಂದರೆ ನೀರಿನಂಶ ಬಿಟ್ಟು ಆಹಾರದ ತೂಕ ಆದಷ್ಟು ಜಾಸ್ತಿ ಇರಬೇಕು. ಉತ್ತರ ಬಂತು, ವಿನಿಗರ್ 500 ಗ್ಯಾಲನ್. ಅದನ್ನ ಪಟ್ಟಿಯಿಂದ ತೆಗೆದರು. ಮತ್ತೆ ಬಂತು, ಸೂಪಿಗೆ ಹಾಕೋ ಉಪ್ಪುಗಟ್ಟಿ ದಿನಕ್ಕೆ 200. ಆ ಗಟ್ಟಿಗೂ ಮಿತಿ ಹಾಕಬೇಕಾಯ್ತು. ಕೊನೆಗೆ ಹೆಂಡತಿಯೇ ಊಟದ ಉಸ್ತುವಾರಿ ವಹಿಸಿಕೊಂಡ ಮೇಲೆ ತೂಕ ಇಳೀತಂತೆ.

ಇಲ್ಲಿ ಯಂತ್ರ ಎಲ್ಲೂ ತಪ್ಪಲಿಲ್ಲ ನೋಡಿ. ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಟ್ಟಿದೆ. ಮನುಷ್ಯ ಇಷ್ಟು ವಿನಿಗರ್ ಕುಡಿಯಲಾರ ಅಂತ ಯಾರೂ ಬರೆದಿರಲಿಲ್ಲ, ಅಷ್ಟೇ. ಡಾಂಟ್ಜಿಗ್ ಮತ್ತು ನಮ್ಮ ನಡುವೆ ಇರೋ ವ್ಯತ್ಯಾಸ ಅಂದ್ರೆ, ಆ ಊಟವನ್ನ ಅವರೇ ಉಣ್ಣಬೇಕಿತ್ತು. ನಾವು ಮಾಡಿದ ಪ್ಲಾನನ್ನ ಓಡಿಸೋರು ಬೇರೆಯವರು.

ನನ್ನ ಮಾಡೆಲ್ ಕಥೆ ಹೇಳ್ತೀನಿ. ಗುರಿ: ಕಡಿಮೆ ಟ್ರಕ್ಕು, ಕಡಿಮೆ ಕಿಲೋಮೀಟರು. ಕಟ್ಟುಪಾಡು: ಟ್ರಕ್ಕಿನ ತೂಕ, ಅಂಗಡಿ ತೆರೆಯೋ ಹೊತ್ತು, ದಿನಕ್ಕೆ 8 ಗಂಟೆ. ಆಗ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಎಂಟು ಗಂಟೆ ಅಂದಿತ್ತು, ಅದಕ್ಕೇ ಎಂಟು ಹಾಕಿದ್ದೆ. ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆ ವಿಶ್ರಾಂತಿ ಅಂತಲೂ ಅದೇ ಕಾಯ್ದೆಯಲ್ಲಿತ್ತು. ಅದನ್ನ ಹಾಕಿರಲಿಲ್ಲ. ಮುಲುಂಡ್ ನಾಕಾದಲ್ಲಿ ಆಕ್ಟ್ರಾಯ್ ಕ್ಯೂಗೆ ಇಪ್ಪತ್ತು ನಿಮಿಷ ಅಂತ ಬರೆದಿದ್ದೆ. (2017ರಲ್ಲಿ ಜಿಎಸ್‌ಟಿ ಬಂದು ಆಕ್ಟ್ರಾಯ್ ಹೋಯ್ತು. ಅದಕ್ಕೆ ಮುಂಚೆ ಆ ಕ್ಯೂ ನೋಡಿದವರು ಈ ಇಪ್ಪತ್ತು ನಿಮಿಷಕ್ಕೆ ನಗ್ತೀರಿ.) ಮಳೆಗಾಲಕ್ಕೂ ಬೇಸಿಗೆಗೂ ಒಂದೇ ವೇಗ. ಕಾಗದದ ಮೇಲೆ ಕಾನೂನು ಪಾಲನೆ ಆಗಿತ್ತು. ರಸ್ತೆಯಲ್ಲಿ ಹದಿಮೂರು ಹದಿನಾಲ್ಕು ಗಂಟೆ ಆಗ್ತಿತ್ತು.

ಇಂಡಿ ತಾಲ್ಲೂಕಿನ ಒಬ್ಬ ಡ್ರೈವರ್ ಇದ್ದ. ನಾನು ಕನ್ನಡದವ ಅಂತ ಸಲಿಗೆ. ಒಂದಿನ ರೂಟ್ ಶೀಟ್ ಹಿಡ್ಕೊಂಡು ಬಂದು, "ಸಾಹೇಬ್ರ, ನಿಮ್ಮ ಕಂಪ್ಯೂಟರ್‌ಗೆ ಹಸಿವಿ ಆಗೂದಿಲ್ಲೇನ್ರಿ?" ಅಂದ. ನಾನು ನಕ್ಕೆ. "ಸಿಸ್ಟಮ್ ಹಾಗೇ ಕೊಡುತ್ತಪ್ಪಾ, ನನ್ನ ಕೈಯಲ್ಲಿಲ್ಲ" ಅಂದೆ.

ಸುಳ್ಳು. ನನ್ನ ಕೈಯಲ್ಲೇ ಇತ್ತು. ಅವತ್ತು ರಾತ್ರಿ ಊಟದ ಅರ್ಧ ಗಂಟೆ, ನಾಕಾದ ನಿಜವಾದ ಕ್ಯೂ ಎರಡೂ ಸೇರಿಸಿ ಓಡಿಸಿದೆ. ಹದಿನಾಲ್ಕು ಟ್ರಕ್ಕಿನ ಜಾಗದಲ್ಲಿ ಹದಿನಾರು ಬಂತು. ಈ ಶಾಸ್ತ್ರದಲ್ಲಿ ಶಾಡೋ ಪ್ರೈಸ್ ಅಂತ ಒಂದು ಮಾತಿದೆ. ಒಂದು ಕಟ್ಟುಪಾಡನ್ನ ಸ್ವಲ್ಪ ಬಿಗಿ ಅಥವಾ ಸಡಿಲ ಮಾಡಿದರೆ ಖರ್ಚು ಎಷ್ಟು ಬದಲಾಗುತ್ತೆ ಅನ್ನೋ ನೆರಳು ಬೆಲೆ. ಟ್ರಕ್ಕಿನ ಲೆಕ್ಕದಲ್ಲಿ ಅದು ಅಷ್ಟು ನೇರವಾಗಿ ಬರಲ್ಲ, ಆದರೆ ಎರಡು ಸಲ ಓಡಿಸಿ ನೋಡಿದರೆ ಗೊತ್ತಾಗುತ್ತೆ. ಹದಿನಾಲ್ಕು ಜನರ ಊಟ, ಕ್ಯೂನಲ್ಲಿ ಹೋಗೋ ಹೊತ್ತು, ಇವುಗಳ ಬೆಲೆ ಎರಡು ಟ್ರಕ್ಕು. ಮ್ಯಾನೇಜರ್ ನೋಡಿದರು. "ಹಳೇದನ್ನೇ ಓಡಿಸು" ಅಂದರು. ಓಡಿಸಿದೆ.

2006ರ ಮಳೆಗಾಲದ ಒಂದು ರಾತ್ರಿ ಘೋಡಬಂದರ್ ರಸ್ತೆಯಲ್ಲಿ ಆ ಇಂಡಿಯವನ ಟ್ರಕ್ಕು ಡಿವೈಡರಿಗೆ ಹೊಡೀತು. ನಿದ್ದೆ. ಜೀವ ಉಳೀತು, ಬಲಗಾಲು ಮೊದಲಿನ ಹಾಗಾಗಲಿಲ್ಲ. ವಿಚಾರಣೆಗೆ ನನ್ನ ರೂಟ್ ಶೀಟ್ ತರಿಸಿದರು. ಪ್ಲಾನ್ ಪ್ರಕಾರ ಎಂಟು ಗಂಟೆ, ಇವನು ಹದಿಮೂರು ಗಂಟೆ ರಸ್ತೆಯಲ್ಲಿದ್ದಾನೆ, ಅಂದರೆ ಎಲ್ಲೋ ಕಾಲಹರಣ ಮಾಡಿದ್ದಾನೆ. ಹಾಗಂತ ಬರೆದರು. ನಾನು ಬರೆದ ಸುಳ್ಳು ಎಂಟು ಅವನ ವಿರುದ್ಧ ಸಾಕ್ಷಿ ಆಯ್ತು. ಹದಿನಾರು ಟ್ರಕ್ಕಿನ ಪ್ಲಾನು ನನ್ನ ಡ್ರಾಯರಿನಲ್ಲೇ ಇತ್ತು. ನಾನು ಬಾಯಿ ಬಿಡಲಿಲ್ಲ. ಮಗಳ ಕಾಲೇಜು ಫೀಸು, ಮನೆ ಸಾಲ, ಎಲ್ಲರಿಗೂ ಇರೋ ಕಾರಣಗಳೇ.

ಈಗ ಈ ಹುಡುಗರು ಹೇಳೋ ಉತ್ತರಗಳನ್ನ ನಾನು ಬಲ್ಲೆ. ಗಿರಾಕಿಗೇ ಬೇಗ ಬೇಕು ಅಂತಾರೆ. ನಾನೂ ಗಿರಾಕಿ, ಮೊಟ್ಟೆ ಇಪ್ಪತ್ತೈದು ನಿಮಿಷಕ್ಕೆ ಬಂದರೆ ಬೇಡ ಅಂತ ಯಾವಾಗ ಹೇಳಿದೆ? ಇಷ್ಟ ಇಲ್ಲದಿದ್ದರೆ ಆ ಹುಡುಗ ಆಪ್ ಬಂದ್ ಮಾಡಿ ಮನೆಗೆ ಹೋಗಬಹುದು ಅಂತಾರೆ. ಮನೆ ಬಾಡಿಗೆ ಕಟ್ಟೋ ದಿನ ಯಾವ ಆಪ್ ಬಂದ್ ಮಾಡ್ತಾರಪ್ಪಾ? ಇನ್ನು ಕೆಲವರು ಡಬ್ಬಾವಾಲಾಗಳನ್ನ ತೋರಿಸ್ತಾರೆ: ಕಂಪ್ಯೂಟರೇ ಇಲ್ಲದೆ 1890ರಿಂದ ಎಷ್ಟು ಚೆನ್ನಾಗಿ ನಡೀತಿದೆ, ಅವರಿಗೂ ಗಡಿಯಾರದ ಒತ್ತಡ ಇಲ್ಲವಾ ಅಂತ. ಇದೆ. ಆದರೆ ಅವರು ಕೂಲಿಯವರಲ್ಲ, ಗುಂಪು ಕಟ್ಟಿಕೊಂಡು ಗಳಿಕೆ ಹಂಚಿಕೊಳ್ಳೋ ಪಾಲುದಾರರು. ದಾರಿ ಹಾಕಿದವನೂ ಅವನೇ, ಡಬ್ಬಿ ಹೊತ್ತು ಆ ದಾರಿ ನಡೆಯೋನೂ ಅವನೇ. ಮ್ಯಾನೇಜ್‌ಮೆಂಟ್ ಭಾಷಣಗಳಲ್ಲಿ ಈ ಒಂದು ಮಾತು ಮಾತ್ರ ಯಾಕೋ ಬರೋದಿಲ್ಲ.

2026ರ ಜನವರಿಯಲ್ಲಿ ಕೇಂದ್ರ ಕಾರ್ಮಿಕ ಸಚಿವರು ಮಾತಾಡಿದ ಮೇಲೆ ಜಾಹೀರಾತಿನಿಂದ "ಹತ್ತು ನಿಮಿಷ" ತೆಗೆದರು. ಸಂತೋಷ. ಜಾಹೀರಾತಿನಿಂದ ತೆಗೆದರೆ ಮಾಡೆಲ್‌ನಿಂದ ತೆಗೆದ ಹಾಗಾಯ್ತಾ? ಅಲ್ಲಿ ತಡವಾದ ಒಂದು ನಿಮಿಷಕ್ಕೆ ಎಷ್ಟು ದಂಡ ಬರೆದಿದ್ದೀರಿ, ಮೆಟ್ಟಿಲಿಗೆ ಎಷ್ಟು ಸೆಕೆಂಡು, ಮಳೆಗೆ ಎಷ್ಟು? ನಮ್ಮ ಕರ್ನಾಟಕ 2025ರಲ್ಲಿ ಮಾಡಿದ ಗಿಗ್ ಕಾರ್ಮಿಕರ ಕಾಯ್ದೆಯಲ್ಲಿ, ಕೆಲಸಗಾರನ ಮೇಲೆ ಪರಿಣಾಮ ಬೀರೋ ಸ್ವಯಂಚಾಲಿತ ತೀರ್ಮಾನಗಳ ಬಗ್ಗೆ ಅವನಿಗೆ ತಿಳಿಸಬೇಕು ಅನ್ನೋ ಮಾತು ಸೇರಿದೆ. ಇಲ್ಲಿ ಮಹಾರಾಷ್ಟ್ರದಲ್ಲಿ ಕೂತು ಓದಿ ಹೊಟ್ಟೆಕಿಚ್ಚಾಯ್ತು. ಆದರೆ ಪಾರದರ್ಶಕತೆ ಅಂತ ನಲವತ್ತು ಪುಟದ ಇಂಗ್ಲಿಷ್ ಪಿಡಿಎಫ್ ಕೊಟ್ಟು ಕೈ ತೊಳೆದುಕೊಂಡರೆ ಪ್ರಯೋಜನ ಇಲ್ಲ. ಗುರಿ ಒಂದು ಸಾಲು, ಕಟ್ಟುಪಾಡು ಹತ್ತು ಸಾಲು, ಅವನ್ನ ಬರೆದವರ ಹೆಸರು. ಇಷ್ಟನ್ನ ಗೋಡೌನಿನ ಗೋಡೆಗೆ, ಗಾಡಿ ಓಡಿಸೋರ ಭಾಷೆಯಲ್ಲಿ ಅಂಟಿಸಿ. ಕೆಳಗೆ ಅವರು ಬರೆಯೋಕೆ ಜಾಗ ಬಿಡಿ. ಇಂಡಿಯವನಿಗೆ ಆ ಜಾಗ ಸಿಕ್ಕಿದ್ದರೆ ಮುಲುಂಡ್ ನಾಕಾದ ಇಪ್ಪತ್ತು ನಿಮಿಷವನ್ನ ಮೊದಲ ದಿನವೇ ಹೊಡೆದುಹಾಕ್ತಿದ್ದ.

ಪಕ್ಕದ ಮನೆ ಹುಡುಗನಿಗೆ ಕನ್ನಡ ಬರಲ್ಲ, ಇದನ್ನ ಓದೋದೂ ಇಲ್ಲ. ಭಾನುವಾರ ಅವನನ್ನ ಚಹಾಕ್ಕೆ ಕರೆದಿದ್ದೀನಿ. ಡ್ರಾಯರಿನ ಆ ಹಳೇ ಹದಿನಾರು ಟ್ರಕ್ಕಿನ ಪ್ರಿಂಟ್‌ಔಟ್ ಇನ್ನೂ ನನ್ನ ಹತ್ತಿರ ಇದೆ, ಮಸಿ ಸ್ವಲ್ಪ ಮಾಸಿದೆ, ಓದೋಕೆ ಬರುತ್ತೆ. ತೋರಿಸ್ತೀನಿ.